ಕ್ಯಾಮರಾ ಚೀಲದ ಪೂರ್ವೋತ್ತರ

ಛಾಯಾಗ್ರಹಣದ ಚರಿತ್ರೆಯನ್ನು ಬರೆದವರು ಮಸೂರದ ಕಥೆಯನ್ನು ಹೇಳಿದ್ದಾರೆ. ಕಾಗದದಿಂದ ಗಾಜಿಗೆ, ಗಾಜಿನಿಂದ ಫಿಲ್ಮಿಗೆ, ಫಿಲ್ಮಿನಿಂದ ಇಂದಿನ ಡಿಜಿಟಲ್ ಕಣ್ಣಿಗೆ ಆದ ಸ್ಥಿತ್ಯಂತರಗಳನ್ನು ವಿಸ್ತಾರವಾಗಿ ವರ್ಣಿಸಿದ್ದಾರೆ. ಆದರೆ ಆ ಸಾಮಗ್ರಿಯೆಲ್ಲ ಒಂದೂರಿನಿಂದ ಇನ್ನೊಂದೂರಿಗೆ ಯಾರ ಹೆಗಲ ಮೇಲೆ ಹೋಯಿತೆಂದು ಕೇಳಿದವರು ಕಡಮೆ. ನನಗೆ ಇದು ಸಣ್ಣ ಪ್ರಶ್ನೆಯೆಂದು ತೋರುವುದಿಲ್ಲ. ಹೊರೆ ಎಷ್ಟು, ಹೊರುವವರು ಯಾರು ಎಂಬುದರ ಮೇಲೆಯೇ ಯಾವ ಚಿತ್ರವನ್ನು ತೆಗೆಯಬಹುದು, ಯಾವುದು ಆಗದು ಎಂಬುದು ನಿಂತಿದೆ. ಎತ್ತಿನ ಗಾಡಿಯಲ್ಲಿ ಹೋಗುವ ಕ್ಯಾಮರಾ ಕಾಣುವ ಲೋಕ ಬೇರೆ. ಬಗಲಿನಲ್ಲಿ ನೇತಾಡುತ್ತ ಹೋಗುವ ಕ್ಯಾಮರಾ ಕಾಣುವ ಲೋಕ ಬೇರೆ.

ಕಾವೇರಿಯ ದಂಡೆಯ ಮೇಲಿರುವ ಕೊಡಗಿನ ಸಿದ್ದಾಪುರದಲ್ಲಿ ನಲವತ್ತು ವರ್ಷಗಳಿಂದ ಒಂದಲ್ಲ ಒಂದು ಕ್ಯಾಮರಾ ಚೀಲವನ್ನು ಹೆಗಲಿಗೆ ಹಾಕಿಕೊಂಡು ಓಡಾಡಿದವನು ನಾನು. ಛಾಯಾಗ್ರಹಣ ನನ್ನ ವೃತ್ತಿಯಲ್ಲ, ಹವ್ಯಾಸ. ನಮ್ಮ ಕಡೆ ಹೆಗಲಿಗೆ ಚೀಲ ಹಾಕಿದವನನ್ನು ಜನ ಸುಮ್ಮನೆ ಬಿಡುವುದಿಲ್ಲ. ಅಂಚೆಯವನ ಚೀಲಕ್ಕೆ ಒಂದು ತರಹದ ಮರ್ಯಾದೆ. ವಿಮೆಯ ಏಜೆಂಟನ ಚೀಲಕ್ಕೆ ಇನ್ನೊಂದು ತರಹದ್ದು. ಖಾದಿಯ ಜೋಳಿಗೆಗೆ ಒಂದು ಕಾಲದಲ್ಲಿ ದೊಡ್ಡ ಮರ್ಯಾದೆಯಿತ್ತು, ಈಚೆಗೆ ಸ್ವಲ್ಪ ಅನುಮಾನ. ಕ್ಯಾಮರಾ ಚೀಲ ಇವು ಯಾವ ಜಾತಿಗೂ ಸೇರದ್ದು. ಅದು ಎಲ್ಲಿಂದ ಬಂತು, ಹೇಗೆ ಈ ಆಕಾರ ತಾಳಿತು ಎಂಬ ಕುತೂಹಲದಿಂದ ಹುಡುಕಿದಾಗ ದೊರೆತ ಸಂಗತಿಗಳನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಕನ್ನಡ ನಾಡಿನ ದೇವಾಲಯಗಳನ್ನು ಮೊದಮೊದಲು ಕ್ಯಾಮರಾದಲ್ಲಿ ಹಿಡಿದವರ ಪೈಕಿ ಇಬ್ಬರು ಮದರಾಸು ಸೈನ್ಯಕ್ಕೆ ಸೇರಿದವರು: ಲಿನ್ನಿಯಸ್ ಟ್ರೈಪ್ ಎಂಬ ಅಧಿಕಾರಿ ಮತ್ತು ಆಂಡ್ರ್ಯೂ ನೀಲ್ ಎಂಬ ವೈದ್ಯ. ೧೮೫೪ರ ಡಿಸೆಂಬರಿನಲ್ಲಿ ಇವರು ಹಳೇಬೀಡು, ಬೇಲೂರುಗಳ ಕಡೆ ಪ್ರಯಾಣ ಮಾಡಿ ಚಿತ್ರಗಳನ್ನು ತೆಗೆದರು. ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಟ್ರೈಪನ ಚಿತ್ರಗಳಿಗೆ ಬಹಳ ಮೆಚ್ಚುಗೆ ದೊರೆಯಿತು. ಅದೇ ೧೮೫೫ರಲ್ಲಿ ಮುಂಬಯಿ ಸರ್ಕಾರ ತಾಮಸ್ ಬಿಗ್ಸ್ ಎಂಬ ಸೈನ್ಯಾಧಿಕಾರಿಯನ್ನು ವಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಅವನ ಅನಂತರ ಆ ಕೆಲಸವನ್ನು ಪಿಗೂ ಎಂಬ ವೈದ್ಯ ಮುಂದುವರಿಸಿದ. ಇವರ ಚಿತ್ರಗಳನ್ನು ಕೂಡಿಸಿ ೧೮೬೬ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಾಶನ ದೊಡ್ಡ ಗ್ರಂಥಗಳನ್ನು ಹೊರತಂದಿತು. ನಮ್ಮ ನಾಡಿನ ಶಿಲ್ಪ ಹೊರಗಿನವರಿಗೆ ಚಿತ್ರರೂಪದಲ್ಲಿ ಪರಿಚಯವಾದದ್ದು ಬಹುಮಟ್ಟಿಗೆ ಹೀಗೆ.

ಆ ಚಿತ್ರಗಳನ್ನು ನೋಡಿದವರಿಗೆ ಒಂದು ವಿಷಯ ತಟ್ಟನೆ ಕಾಣುತ್ತದೆ. ಎಲ್ಲವೂ ಕಲ್ಲು. ಜನ ಇದ್ದರೆ ಎಲ್ಲೋ ಒಬ್ಬ, ಅದೂ ಕಂಬದ ಎತ್ತರವನ್ನು ಅಳೆಯಲು ನಿಲ್ಲಿಸಿದ ಕೋಲಿನಂತೆ. ಇದಕ್ಕೆ ಒಂದು ಕಾರಣ, ಆಗಿನ ಕಾಗದದ ನೆಗೆಟಿವ್ ಬೆಳಕನ್ನು ಹೀರಿಕೊಳ್ಳಲು ನಿಮಿಷಗಟ್ಟಲೆ ಸಮಯ ಬೇಡುತ್ತಿತ್ತೆಂಬುದು. ಇನ್ನೊಂದು ಕಾರಣ ಹೊರೆ. ಆ ಕಾಲದಲ್ಲಿ ಚಿತ್ರವನ್ನು ದೊಡ್ಡದು ಮಾಡಿ ಅಚ್ಚು ಹಾಕುವ ಅನುಕೂಲ ಇರಲಿಲ್ಲ. ನೆಗೆಟಿವ್ ಎಷ್ಟು ದೊಡ್ಡದೋ ಪಟವೂ ಅಷ್ಟೇ. ಒಂದಡಿಗೂ ಮಿಕ್ಕಿದ ಅಗಲದ ಪಟ ಬೇಕಾದರೆ ಒಂದಡಿಗೂ ಮಿಕ್ಕಿದ ಕಾಗದ ಹಿಡಿಸುವ ಪೆಟ್ಟಿಗೆಯೇ ಬೇಕು. ಅದಕ್ಕೆ ತಕ್ಕ ಮುಕ್ಕಾಲಿ, ತಟ್ಟೆಗಳು, ಔಷಧಿಯ ಸೀಸೆಗಳು, ಡೇರೆ. ಟ್ರೈಪ್ ಮುಂದೆ ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿ ಬೆಂಗಳೂರಿನಲ್ಲಿ ತನ್ನ ಕಾರ್ಖಾನೆ ಹೂಡಿ ತಮಿಳು ನಾಡಿನತ್ತ ಹೊರಟಾಗ ಅವನ ಸಾಮಾನು ಹೋದದ್ದು ಎತ್ತಿನ ಗಾಡಿಗಳ ಮೇಲೆ. ಗಾಡಿ ನಿಂತಲ್ಲಿ ಕ್ಯಾಮರಾ ನಿಲ್ಲಬೇಕು. ಗಾಡಿ ನಿಲ್ಲುವುದು ದೇವಸ್ಥಾನದ ಮುಂದೆ, ಮುಸಾಫರಖಾನೆಯ ಮುಂದೆ. ಮನೆಯ ಹಿತ್ತಲಲ್ಲಿ ನಿಲ್ಲುವುದಿಲ್ಲ.

ಕಾಗದದ ಕಾಲವೇ ಎಷ್ಟೋ ಮೇಲು. ೧೮೫೧ರಲ್ಲಿ ಇಂಗ್ಲೆಂಡಿನ ಸ್ಕಾಟ್ ಆರ್ಚರ್ ಪ್ರಕಟಿಸಿದ ಒದ್ದೆ ಫಲಕದ ವಿಧಾನ ಬಳಕೆಗೆ ಬಂದ ಮೇಲೆ ಚಿತ್ರ ಹೆಚ್ಚು ನಿಖರವಾಯಿತು, ಹೊರೆ ಇನ್ನೂ ಬೆಳೆಯಿತು. ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟನ್ನು ಹೊಯ್ದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಅದು ಆರುವ ಮೊದಲೇ ಚಿತ್ರ ತೆಗೆದು, ಆರುವ ಮೊದಲೇ ತೊಳೆಯಬೇಕು. ಎಲ್ಲಕ್ಕೂ ಸೇರಿ ಸಿಗುವ ಅವಧಿ ಹತ್ತು ಹದಿನೈದು ನಿಮಿಷ. ಅಂದರೆ ಛಾಯಾಗ್ರಾಹಕ ಹೋದಲ್ಲೆಲ್ಲ ಅವನ ಕತ್ತಲೆ ಕೋಣೆಯೂ ಹೋಗಬೇಕು. ೧೮೬೩ರಲ್ಲಿ ಸ್ಯಾಮ್ಯುಯೆಲ್ ಬೋರ್ನ್ ಎಂಬಾತ ಸಿಮ್ಲಾದಿಂದ ಹಿಮಾಲಯದ ಒಳಭಾಗಕ್ಕೆ ಹೊರಟಾಗ ಅವನ ಸಾಮಾನು ಹೊರಲು ಸುಮಾರು ಮೂವತ್ತು ಮಂದಿ ಕೂಲಿಗಳಿದ್ದರು. ಈತ ತನ್ನ ಪ್ರಯಾಣದ ಕಥನವನ್ನು ಲಂಡನ್ನಿನ ಪತ್ರಿಕೆಗೆ ಬರೆದು ಕಳಿಸಿದ. ದಾರಿಯಲ್ಲಿ ಕೂಲಿಗಳು ಹೊರೆಯನ್ನು ಇಳಿಸಿ ಓಡಿಹೋದದ್ದನ್ನೂ, ಹುಡುಕಿಸಿ ತಾನು ಅವರನ್ನು ಹೊಡೆದದ್ದನ್ನೂ ಯಾವ ಸಂಕೋಚವೂ ಇಲ್ಲದೆ ಬರೆದಿದ್ದಾನೆ. ಅವನು ತೆಗೆದ ಹಿಮಶಿಖರಗಳ ಚಿತ್ರಗಳು ಮನೋಹರವಾದವು, ಸಂಶಯವಿಲ್ಲ. ಅವನ ಹೆಸರು ಉಳಿಯಿತು, ಶಿಖರದ ಹೆಸರು ಉಳಿಯಿತು. ಗಾಜಿನ ಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಮಂಜಿನ ಕಣಿವೆಯನ್ನು ದಾಟಿದವರು ಯಾರೆಂದು ಯಾವ ಪಟದ ಅಡಿಯಲ್ಲಿಯೂ ಬರೆದಿಲ್ಲ.

ಟ್ರೈಪನೂ ನೀಲನೂ ಹಳೇಬೀಡಿಗೆ ಹೋದ ೧೮೫೪ನೆಯ ಇಸವಿಯಲ್ಲಿಯೇ ಫಾಲರ್ ಎಂಬ ದೊರೆ ಮಡಿಕೇರಿಯ ಬಳಿ ಕೊಡಗಿನ ಮೊದಲ ಯುರೋಪಿಯನ್ ಕಾಫಿ ತೋಟವನ್ನು ತೆರೆದ. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೆ ತೋಟಗಳು ಹರಡಿದ ಹಾಗೆ ಕ್ಯಾಮರಾವೂ ಅವುಗಳ ಹಿಂದೆಯೇ ಬಂತು. ಹಳೆಯ ಬಂಗಲೆಗಳ ಗೋಡೆಯ ಮೇಲೆ ತೂಗುಹಾಕಿದ ಪಟಗಳನ್ನು ಕಂಡವರಿಗೆ ಅದರ ವಿನ್ಯಾಸ ಗೊತ್ತು: ದೊರೆ ಕುರ್ಚಿಯಲ್ಲಿ, ನಾಯಿ ಕಾಲ ಬಳಿ, ಕೋವಿ ಗೋಡೆಗೊರಗಿ, ಬಟ್ಲರು ಪಕ್ಕದಲ್ಲಿ. ದೂರದಲ್ಲಿ ಆಳುಗಳು ಒಂದು ಸಾಲು, ಮುಖ ಗುರುತು ಹತ್ತದಷ್ಟು ಸಣ್ಣಗೆ. ಹೂ ಬಿಟ್ಟ ತೋಟ ಉಂಟು, ಹಣ್ಣು ಕೊಯ್ಯುವ ಕೈ ಇಲ್ಲ. ಮುಕ್ಕಾಲಿಯ ಮೇಲೆ ನಿಂತ ಪೆಟ್ಟಿಗೆ ಬಂಗಲೆಯ ಮೆಟ್ಟಿಲನ್ನು ಬಿಟ್ಟು ಲೈನು ಮನೆಗಳ ಕಡೆ ಇಳಿಯಲು ಯಾವ ಅವಸರವೂ ಇರಲಿಲ್ಲ.

ಈ ಹೊರೆ ಇಳಿದದ್ದು ಮೂರು ಹಂತಗಳಲ್ಲಿ. ೧೮೭೧ರಲ್ಲಿ ಮ್ಯಾಡಕ್ಸ್ ಎಂಬ ಇಂಗ್ಲಿಷ್ ವೈದ್ಯ ಜೆಲಟಿನ್ ಬಳಸಿದ ಒಣ ಫಲಕದ ದಾರಿ ತೋರಿಸಿದ. ಕತ್ತಲೆ ಕೋಣೆ ಮನೆಯಲ್ಲಿಯೇ ಉಳಿಯಿತು. ಡೇರೆಯೂ ಸೀಸೆಗಳೂ ತಪ್ಪಿದವು. ಎರಡನೆಯದು ೧೮೮೮ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಮಾರಾಟಕ್ಕೆ ತಂದ ಕೊಡಕ್. ನೂರು ಚಿತ್ರಗಳಿಗೆ ಸಾಕಾಗುವ ಸುರುಳಿಯನ್ನು ಒಳಗಿಟ್ಟೇ ಮಾರುತ್ತಿದ್ದ ಪುಟ್ಟ ಪೆಟ್ಟಿಗೆ. ಬೆಲೆ ಇಪ್ಪತ್ತೈದು ಡಾಲರು. ಚಿತ್ರ ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳಿಸಿದರೆ ಹತ್ತು ಡಾಲರಿಗೆ ತೊಳೆದು ಅಚ್ಚು ಹಾಕಿ ಹೊಸ ಸುರುಳಿ ತುಂಬಿ ಕೊಡುತ್ತಿದ್ದರು. ಇದೆಲ್ಲ ಎಲ್ಲರೂ ಹೇಳುವ ಕಥೆ. ನನಗೆ ಮುಖ್ಯವಾದದ್ದು ಬೇರೆ: ಆ ಇಪ್ಪತ್ತೈದು ಡಾಲರಿನಲ್ಲಿ ಹೆಗಲ ಪಟ್ಟಿಯಿರುವ ಒಂದು ಚರ್ಮದ ಚೀಲವೂ ಸೇರಿತ್ತು. ಕ್ಯಾಮರಾ ಎಂಬುದು ಹೆಗಲಿಗೆ ಹಾಕಿಕೊಂಡು ತಿರುಗುವ ವಸ್ತು ಎಂಬ ಕಲ್ಪನೆ ಸಾಮಾನ್ಯ ಜನರಿಗೆ ಬಂದದ್ದು ಇಲ್ಲಿಂದ ಎನ್ನಬಹುದು. ಇಂದಿನ ಕ್ಯಾಮರಾ ಚೀಲಗಳಿಗೆಲ್ಲ ಅದೇ ಅಜ್ಜಿ.

ಮೂರನೆಯ ಹಂತದ ಹಿಂದೆ ಒಬ್ಬನ ದುರ್ಬಲವಾದ ಎದೆ ಇದೆ. ಜರ್ಮನಿಯ ವೆಟ್ಸ್‌ಲರಿನ ಲೈಟ್ಸ್ ಕಾರ್ಖಾನೆಯಲ್ಲಿದ್ದ ಆಸ್ಕರ್ ಬಾರ್ನಾಕ್ ಎಂಬ ಯಂತ್ರಕುಶಲಿಗೆ ಗುಡ್ಡ ಹತ್ತುವ ಹವ್ಯಾಸ, ಆದರೆ ಉಬ್ಬಸ. ಗಾಜಿನ ಫಲಕಗಳ ಪೆಟ್ಟಿಗೆಯನ್ನು ಹೊತ್ತು ಏರು ಹತ್ತಲು ಆಗುತ್ತಿರಲಿಲ್ಲ. ಕೂಲಿಯಾಳನ್ನು ಕರೆದುಕೊಂಡು ಹೋಗುವ ಬದಲು ಅವನು ಸಿನೆಮಾದ ಫಿಲ್ಮನ್ನು ಬಳಸುವ ಅಂಗೈಯಗಲದ ಕ್ಯಾಮರಾವನ್ನೇ ಮಾಡಿಕೊಂಡ. ಮೊದಲ ಮಹಾಯುದ್ಧ ನಡುವೆ ಬಂದು ಕೆಲಸ ತಡೆದು, ೧೯೨೫ರಲ್ಲಿ ಅದು ಲೈಕಾ ಎಂಬ ಹೆಸರಿನಿಂದ ಪೇಟೆಗೆ ಬಂತು. ಸಣ್ಣ ನೆಗೆಟಿವ್, ದೊಡ್ಡ ಪಟ ಎಂಬ ತತ್ತ್ವ ಗೆದ್ದಿತು. ಒಬ್ಬನ ಉಬ್ಬಸ ಲೋಕಕ್ಕೆ ಉಪಕಾರ ಮಾಡಿದ ಇಂಥ ಉದಾಹರಣೆಗಳು ಅಪರೂಪ.

ನಮ್ಮ ಊರುಗಳಲ್ಲಿ ಬದಲಾವಣೆ ಇಷ್ಟು ಬೇಗ ಬರಲಿಲ್ಲ. ೧೯೧೦ರಲ್ಲಿ ಬೆಂಗಳೂರಿನಲ್ಲಿ ಜಿ. ಕೆ. ವೇಲ್ ಆರಂಭವಾದ ಕಾಲದಲ್ಲಿ ಛಾಯಾಗ್ರಹಣವೆಂದರೆ ಸ್ಟುಡಿಯೊ, ಬಣ್ಣದ ಪರದೆ, ಹಿಡಿದು ನಿಲ್ಲಲು ಕುರ್ಚಿಯ ಬೆನ್ನು. ಅದಾಗಿ ಎಷ್ಟೋ ದಶಕ ಕಳೆದ ಮೇಲೂ ನಮ್ಮ ಕಡೆ ಮದುವೆಗೆ ಬರುವ ಸ್ಟುಡಿಯೊದವನ ಹಿಂದೆ ಒಬ್ಬ ಹುಡುಗ ಬರುತ್ತಿದ್ದ. ಪೆಟ್ಟಿಗೆ ಅವನ ತಲೆಯ ಮೇಲೆ, ಮುಕ್ಕಾಲಿ ಅವನ ಹೆಗಲ ಮೇಲೆ. ಕರಿಯ ಬಟ್ಟೆಯೊಳಗೆ ಯಜಮಾನ ತಲೆ ಹಾಕಿದಾಗ ಬಿಸಿಲಿಗೆ ಕೊಡೆ ಹಿಡಿಯುವವನೂ ಅವನೇ. ಗುಂಪಿನ ಪಟದಲ್ಲಿ ವರನ ಸೋದರತ್ತೆಯ ಭಾವಮೈದುನನೂ ಬರುತ್ತಿದ್ದ. ಆ ಹುಡುಗ ಬರುತ್ತಿರಲಿಲ್ಲ.

ಹೆಗಲ ಚೀಲ ನಮ್ಮ ಜಿಲ್ಲೆಗೆ ಬಂದದ್ದು ಛಾಯಾಗ್ರಹಣದ ದಾರಿಯಿಂದಲ್ಲ, ಸೈನ್ಯದ ದಾರಿಯಿಂದ. ಕಾರ್ಯಪ್ಪ, ತಿಮ್ಮಯ್ಯನವರಂಥ ದಂಡನಾಯಕರನ್ನು ಕೊಟ್ಟ ನಾಡು ಇದು. ಸಾಮಾನ್ಯ ಸಿಪಾಯಿಗಳಂತೂ ಲೆಕ್ಕವಿಲ್ಲ. ಎರಡನೆಯ ಮಹಾಯುದ್ಧ ೧೯೪೫ರಲ್ಲಿ ಮುಗಿದ ಮೇಲೆ ಮನೆಗೆ ಮರಳಿದವರ ಜೊತೆಯಲ್ಲಿ ಖಾಕಿ ಕ್ಯಾನ್ವಾಸಿನ ಹ್ಯಾವರ್‌ಸ್ಯಾಕುಗಳೂ ಬಂದವು. ೧೯೩೭ರ ಮಾದರಿಯೆಂದು ಹೆಸರಾದ ಬ್ರಿಟಿಷ್ ಸೈನ್ಯದ ಸಜ್ಜಿನ ಭಾಗ ಅದು: ದಪ್ಪ ಹತ್ತಿಯ ನೆಯ್ಗೆ, ಹಿತ್ತಾಳೆಯ ಕೊಂಡಿ, ಎರಡಂಗುಲ ಅಗಲದ ಪಟ್ಟಿ. ವಿಷವಾಯುವಿನ ಮುಖವಾಡವನ್ನು ಇಡುವ ಚೀಲವೂ ಹಾಗೆಯೇ. ಯುದ್ಧಾನಂತರ ಅಂಥವು ಎಲ್ಲ ದೇಶಗಳಲ್ಲಿಯೂ ಕೈಗೆಟಕುವ ಬೆಲೆಗೆ ದೊರೆತು, ಹವ್ಯಾಸಿ ಛಾಯಾಗ್ರಾಹಕರು ಅವುಗಳಲ್ಲಿ ಕ್ಯಾಮರಾ ಇಟ್ಟುಕೊಂಡು ತಿರುಗಿದರು. ನನ್ನ ಮೊದಲ ಚೀಲವೂ ಮನೆತನದ ಹಿರಿಯರೊಬ್ಬರ ಹ್ಯಾವರ್‌ಸ್ಯಾಕೇ. ಒಳಗೆ ಹಳೆಯ ಕಂಬಳಿಯ ತುಂಡನ್ನು ಮಡಿಸಿ ಹೊಲಿದು ಎರಡು ಕೋಣೆ ಮಾಡಿಕೊಂಡಿದ್ದೆ. ಒಂದರಲ್ಲಿ ಆಗ್ಫಾ ಕ್ಲಿಕ್ ಥ್ರೀ. ಇನ್ನೊಂದರಲ್ಲಿ ಫಿಲ್ಮಿನ ಸುರುಳಿ, ಕರವಸ್ತ್ರ, ಒಮ್ಮೊಮ್ಮೆ ಅಕ್ಕಿರೊಟ್ಟಿ. ಬರೋಡದಲ್ಲಿ ತಯಾರಾಗುತ್ತಿದ್ದ ಆ ಕ್ಯಾಮರಾದಲ್ಲಿ ಸುರುಳಿಗೆ ಹನ್ನೆರಡೇ ಚಿತ್ರ. ಫಿಲ್ಮು ಒಂದೋ ಹೊರಗಿನದು, ಇಲ್ಲವೆ ೧೯೬೭ರಿಂದ ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸಿನಲ್ಲಿ ತಯಾರಾಗತೊಡಗಿದ್ದು. ಆ ಕಾರ್ಖಾನೆಯೂ ಈಗ ಮುಚ್ಚಿಹೋಗಿದೆ.

ಚೀಲ ಹಗುರವಾದದ್ದರಿಂದ ಚಿತ್ರ ಹೇಗೆ ಬದಲಾಯಿತೆಂಬುದಕ್ಕೆ ನಮ್ಮವರೇ ಆದ ಟಿ. ಎಸ್. ಸತ್ಯನ್ ಅವರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ೧೯೨೩ರಲ್ಲಿ ಮೈಸೂರಿನಲ್ಲಿ ಹುಟ್ಟಿ, ೨೦೦೯ರಲ್ಲಿ ತೀರಿಕೊಂಡ ಸತ್ಯನ್ ಪತ್ರಿಕಾ ಛಾಯಾಗ್ರಹಣಕ್ಕೆ ಕನ್ನಡಿಗರಲ್ಲಿ ದೊಡ್ಡ ಹೆಸರು. ೧೯೭೭ರಲ್ಲಿ ಪದ್ಮಶ್ರೀ ಬಂತು; ೧೯೭೯ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದವು; ಸಿಡುಬಿನ ನಿರ್ಮೂಲನದ ಕೆಲಸವನ್ನು ಚಿತ್ರಿಸಲು ಅವರು ಹಳ್ಳಿಹಳ್ಳಿ ತಿರುಗಿದರು. ಮಹಾರಾಜರ ದರ್ಬಾರನ್ನೂ ನಾಯಕರನ್ನೂ ಅವರು ತೆಗೆಯದೆ ಇಲ್ಲ. ಆದರೆ ಅವರು ಉಳಿದಿರುವುದು ಶಾಲೆಗೆ ಓಡುವ ಹುಡುಗ, ಬೀದಿಯಲ್ಲಿ ಆಡುವ ಮಗು, ಜಗಲಿಯಲ್ಲಿ ಕುಳಿತ ಮುದುಕ ಇಂಥವರ ಚಿತ್ರಗಳಿಂದ. ಎತ್ತಿನ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಹೋದವನಿಗೆ ಮಗು ತನ್ನ ಪಾಡಿಗೆ ತಾನು ಆಡುತ್ತಿರುವುದು ಕಾಣಸಿಗದು. ಗಾಡಿಯನ್ನು ಕಂಡ ಕೂಡಲೆ ಅದು ಆಟ ಬಿಟ್ಟು ಗಾಡಿಯನ್ನೇ ನೋಡುತ್ತದೆ. ದೆಹಲಿಯಲ್ಲಿ ಹೋಮೈ ವ್ಯಾರಾವಾಲಾ ೧೯೪೦ರ ದಶಕದಲ್ಲಿ ಸೀರೆಯುಟ್ಟು, ಕ್ಯಾಮರಾ ಸಾಮಗ್ರಿಯೊಂದಿಗೆ ಬೈಸಿಕಲ್ಲಿನ ಮೇಲೆ ಓಡಾಡಿ ಚರಿತ್ರೆಯ ಚಿತ್ರಗಳನ್ನು ತೆಗೆದದ್ದೂ ಇದೇ ಮಾತನ್ನು ಹೇಳುತ್ತದೆ. ಮೂವತ್ತು ಕೂಲಿಗಳ ಹೊರೆಯಾಗಿದ್ದರೆ ಆಕೆಗೆ ಆ ಕಸುಬೇ ದಕ್ಕುತ್ತಿರಲಿಲ್ಲ.

ವಿಚಿತ್ರವೆಂದರೆ, ಕ್ಯಾಮರಾ ಸಣ್ಣದಾದ ಮೇಲೂ ಅದಕ್ಕೆಂದೇ ಹೊಲಿದ ಒಳ್ಳೆಯ ಮೆತ್ತನೆಯ ಚೀಲ ಬರಲು ಬಹಳ ಕಾಲ ಹಿಡಿಯಿತು. ಚರ್ಮದ ಕವಚ ಇತ್ತು, ಪೆಡಸಾದ ಪೆಟ್ಟಿಗೆಗಳಿದ್ದವು. ಪೆಟ್ಟಿಗೆ ಸಾಮಾನನ್ನು ಕಾಪಾಡುತ್ತದೆ, ಮನುಷ್ಯನ ಪಕ್ಕೆಯನ್ನು ಕಾಪಾಡುವುದಿಲ್ಲ. ೧೯೭೦ರ ದಶಕದ ನಡುವಿನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಪತ್ರಿಕೆಯೊಂದರಲ್ಲಿ ಛಾಯಾಗ್ರಾಹಕನಾಗಿದ್ದ ಜಿಮ್ ಡಾಮ್ಕಿ, ದಿನವಿಡೀ ಓಡಾಡುವ ತನಗೆ ಬೇಕಾದ ಹಾಗೆ ಹತ್ತಿಯ ಕ್ಯಾನ್ವಾಸಿನ ಮೆತ್ತನೆಯ ಚೀಲವೊಂದನ್ನು ಹೊಲಿಸಿಕೊಂಡ. ಜೊತೆಯವರು ನಮಗೂ ಬೇಕೆಂದರು. ಅದೇ ಒಂದು ಉದ್ಯಮವಾಯಿತು. ಇಂಗ್ಲೆಂಡಿನಲ್ಲಿ ೧೯೭೩ರಲ್ಲಿ ಆರಂಭವಾದ ಬಿಲ್ಲಿಂಗ್‌ಹ್ಯಾಮ್ ಸಂಸ್ಥೆ ಹೊಲಿಯುತ್ತಿದ್ದದ್ದು ಮೀನು ಹಿಡಿಯುವವರ ಚೀಲ. ನ್ಯೂಯಾರ್ಕಿನ ಛಾಯಾಗ್ರಾಹಕರು ಅವನ್ನು ಕೊಂಡು ಕ್ಯಾಮರಾ ಇಡುತ್ತಿದ್ದಾರೆಂಬ ಸುದ್ದಿ ಕೆಲವು ವರ್ಷಗಳ ಮೇಲೆ ತಿಳಿದು, ಅವರು ಕ್ಯಾಮರಾ ಚೀಲದ ಕಡೆ ತಿರುಗಿದರು. ಸಿಪಾಯಿಯ ಚೀಲ, ಬೆಸ್ತನ ಚೀಲ, ವಿಷವಾಯುವಿನ ಚೀಲ ಇವೇ ಕೂಡಿ ಕ್ಯಾಮರಾ ಚೀಲವಾದವೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಈಗ ಪೇಟೆಯಲ್ಲಿ ಚೀಲಗಳಿಗೆ ಬರವಿಲ್ಲ. ಯಾವುದನ್ನು ಕೊಳ್ಳಬೇಕೆಂದು ಕಿರಿಯರು ಕೇಳುತ್ತಾರೆ. ಬೆಂಗಳೂರಿನ ಅಂಗಡಿಯ ದೀಪದ ಕೆಳಗೆ ಚೆನ್ನಾಗಿ ಕಂಡದ್ದು ಸಿದ್ದಾಪುರದ ಆಷಾಢದಲ್ಲಿ ಚೆನ್ನಾಗಿರಬೇಕೆಂದಿಲ್ಲ ಎಂದು ನಾನು ಮೊದಲು ಹೇಳುತ್ತೇನೆ. ಖಾಲಿ ಚೀಲವನ್ನೇ ಎತ್ತಿ ನೋಡಿ. ಒಳಗೆ ಏನೂ ಇಲ್ಲದೆ ಒಂದೂವರೆ ಕಿಲೊ ತೂಗುವ ಚೀಲವನ್ನು ಅಲ್ಲಿಯೇ ಬಿಟ್ಟುಬಿಡಿ, ಎಷ್ಟೇ ಚೆಂದವಿರಲಿ. ಸಾಮಾನು ತುಂಬಿದ ಮೇಲೆ ಮೂರು ಕಿಲೊ ಮೀರಿದರೆ ಅದು ಪ್ರವಾಸದ ಚೀಲ, ನಿತ್ಯದ ಚೀಲವಲ್ಲ. ನಿತ್ಯದ್ದೆಂದರೆ ಹಾಲು ತರಲು ಹೋಗುವಾಗಲೂ ತೆಗೆದುಕೊಂಡು ಹೋಗಲು ಬೇಸರವಾಗದ್ದು. ಒಂದು ಕ್ಯಾಮರಾ, ಅದಕ್ಕೆ ಹಾಕಿದ ಒಂದು ಮಸೂರ, ಬೇಕಾದರೆ ಇನ್ನೊಂದು. ಒಂದು ಹೆಚ್ಚಿನ ಬ್ಯಾಟರಿ, ಒರಸುವ ಬಟ್ಟೆ. ದೊಡ್ಡ ಚೀಲ ಕೊಂಡವನು ಅದನ್ನು ತುಂಬದೆ ಬಿಡುವುದಿಲ್ಲ. ತುಂಬಿದವನು ನಾಲ್ಕು ದಿನದ ಮೇಲೆ ಅದನ್ನು ಮನೆಯಲ್ಲಿಯೇ ಬಿಟ್ಟು ಹೋಗುತ್ತಾನೆ.

ಪಟ್ಟಿ ಅಗಲವಾಗಿರಬೇಕು, ಜಾರಬಾರದು, ಚೀಲದ ತಳದವರೆಗೂ ಸುತ್ತಿ ಹೊಲಿದಿರಬೇಕು. ಎರಡು ಕಿವಿಗೆ ಮಾತ್ರ ಸಿಕ್ಕಿಸಿದ ಪಟ್ಟಿ ಎಂದಾದರೊಂದು ದಿನ ಕೈಕೊಡುತ್ತದೆ. ಮುಚ್ಚಳ ಮೈಯಿಂದ ಹೊರಗಡೆಗೆ ತೆರೆಯುವಂತಿದ್ದರೆ ಮಳೆಯ ಹನಿ ನೇರ ಒಳಗೆ. ಮೈಯ ಕಡೆಗೆ ತೆರೆಯುವಂತಿದ್ದರೆ ಕೈಯೂ ಸುಲಭವಾಗಿ ಹೋಗುತ್ತದೆ, ಮುಚ್ಚಳವೇ ಮಾಡಿನ ಇಳಿಜಾರಿನಂತೆ ನೀರನ್ನು ಆಚೆ ಕೆಡವುತ್ತದೆ. ಸ್ವಿಟ್ಜರ್ಲೆಂಡಿನ ಡಿ ಮೆಸ್ತ್ರಾಲ್ ಎಂಬಾತ ಬಟ್ಟೆಗೆ ಅಂಟುವ ಮುಳ್ಳುಕಾಯಿಯನ್ನು ನೋಡಿ ಕಂಡುಹಿಡಿದ ವೆಲ್ಕ್ರೊ ಬಹಳ ಜಾಣತನದ ವಸ್ತುವೇ ಸರಿ. ಆದರೆ ಅದನ್ನು ಬಿಚ್ಚುವಾಗಿನ ಪರ್ ಎಂಬ ಸದ್ದಿಗೆ ಮರದ ಮೇಲಿನ ಹಕ್ಕಿ ಹಾರುತ್ತದೆ, ಸಾವಿನ ಮನೆಯಲ್ಲಿ ಹತ್ತು ತಲೆ ತಿರುಗುತ್ತವೆ. ಕಾಫಿ ತೋಟದ ನಡುವೆಯೇ ಬದುಕಿ ಹಕ್ಕಿಗಳ ಹಿಂದೆ ಕ್ಯಾಮರಾ ಹಿಡಿದು ಅಲೆದ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರನ್ನು ಮೆಚ್ಚಿಕೊಂಡು ಕ್ಯಾಮರಾ ಕೊಳ್ಳುವ ಯುವಕರು ನಮ್ಮ ಕಡೆ ಬಹಳ. ಅವರಿಗೆ ನಾನು ಹೇಳುವುದು ಇಷ್ಟೆ: ಗುಂಡಿ ಅಥವಾ ಕೊಂಡಿ ಇರುವ ಚೀಲ ಕೊಳ್ಳಿ.

ಬಣ್ಣದ ಬಗ್ಗೆಯೂ ಒಂದು ಮಾತು. ಕರಿಯ ನೈಲಾನಿನ ಮೇಲೆ ತಯಾರಕರ ಹೆಸರನ್ನು ದಪ್ಪಕ್ಷರದಲ್ಲಿ ನೆಯ್ದ ಚೀಲ, ಒಳಗೆ ಬೆಲೆಬಾಳುವ ಸಾಮಾನಿದೆಯೆಂದು ಬಸ್ಸಿನಲ್ಲಿದ್ದವರಿಗೆಲ್ಲ ಡಂಗುರ ಸಾರುತ್ತದೆ. ಮಾಸಿದ ಖಾಕಿಯೋ ಬೂದಿಯೋ ಇದ್ದರೆ ಯಾರೂ ಎರಡನೆಯ ಸಲ ನೋಡರು. ಸಿದ್ದಾಪುರದ ಸಂತೆಯಲ್ಲಿ ಕೊಡವ, ಕನ್ನಡ, ಮಲೆಯಾಳ, ತಮಿಳು, ತುಳು ಎಲ್ಲ ಒಟ್ಟಿಗೆ ಕಿವಿಗೆ ಬೀಳುತ್ತವೆ. ಆ ನೂಕಿನಲ್ಲಿ ಚೀಲ ಪಕ್ಕೆಯಲ್ಲಿರದೆ ಹೊಟ್ಟೆಯ ಮುಂದಿರಬೇಕು. ಕಳ್ಳರ ಭಯಕ್ಕಿಂತ ಹೆಚ್ಚಾಗಿ, ಹಿಂದೆ ನೇತಾಡುವ ಚೀಲ ಮಾರುವವಳ ತಕ್ಕಡಿಗೆ ತಾಗಿ ಜಗಳವಾಗುತ್ತದೆ. ಮಾಲ್ದಾರೆಯ ಕಡೆ ತೋಟದೊಳಗೆ ನಡೆಯುವಾಗ ಬೇರೆ ನಿಯಮ. ಅಲ್ಲಿ ಆನೆಗಳ ಓಡಾಟ ಹೆಚ್ಚು. ತೋಟದ ಕೆಲಸಕ್ಕೆ ಹೋದವರು ಜೀವ ಕಳೆದುಕೊಂಡ ಉದಾಹರಣೆಗಳು ಒಂದೆರಡಲ್ಲ. ಅಲ್ಲಿ ನಾನು ಪಟ್ಟಿಯನ್ನು ಎದೆಗೆ ಅಡ್ಡ ಹಾಕುವುದಿಲ್ಲ. ಒಂದೇ ಹೆಗಲಿಗೆ ಸಿಕ್ಕಿಸಿರುತ್ತೇನೆ, ಕೆಡವಿ ಓಡಲು ಅನುಕೂಲವಾಗಲೆಂದು. ಆನೆಯ ಚಿತ್ರ ಬೇಕಾದವರಿಗೆ ದುಬಾರೆಯ ಶಿಬಿರ ಇದ್ದೇ ಇದೆ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಜಿಲ್ಲೆಯಲ್ಲಿ ಚೀಲದ ನಿಜವಾದ ಪರೀಕ್ಷಕ ಮಳೆಯೇ. ಜೂನಿನಿಂದ ಸೆಪ್ಟೆಂಬರವರೆಗೆ ಗೋಡೆ ಬೆವರುತ್ತದೆ, ಉಪ್ಪು ನೀರಾಗುತ್ತದೆ, ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೂ ವಾಸನೆ ಬರುತ್ತದೆ. ಹಿಂದಿನವರು ಕಂಬಳಿಯ ಕೊಪ್ಪೆಯೊಳಗೆ ಸೇರಿಕೊಂಡು ಗದ್ದೆಗೆ ಹೋಗುತ್ತಿದ್ದರು. ಚೀಲವನ್ನೂ ಹಾಗೆಯೇ ಮೈಗೆ ತಾಗಿಸಿ ಮೇಲಿಂದ ಮಳೆಯಂಗಿ ಹಾಕಿಕೊಳ್ಳುವುದೇ ಕ್ಷೇಮ. ಹತ್ತಿಯ ಕ್ಯಾನ್ವಾಸಿನ ಒಂದು ಗುಣವೆಂದರೆ ನೆನೆದಾಗ ಎಳೆ ಉಬ್ಬಿ ನೆಯ್ಗೆ ಬಿಗಿಯಾಗುತ್ತದೆ. ಸಣ್ಣ ಮಳೆಯನ್ನು ಅದೇ ತಡೆಯುತ್ತದೆ. ಆದರೆ ಕುಡಿದ ನೀರನ್ನು ಎರಡು ದಿನ ಬಿಡುವುದಿಲ್ಲ. ನೈಲಾನು ಬೇಗ ಒಣಗುತ್ತದೆ, ಆದರೆ ಒಳಗಿನ ಸ್ಪಂಜಿನ ಹಲಗೆ ಒಣಗುವುದಿಲ್ಲ. ಹೊರಗೆ ಒಣಗಿದೆಯೆಂದು ನಂಬಿಸಿ ಒಳಗೆ ಒದ್ದೆಯಾಗಿರುವ ಇದೇ ಹೆಚ್ಚು ಅಪಾಯದ್ದು.

ಇಲ್ಲಿಯೇ ಬೂಷ್ಟಿನ ಪ್ರಶ್ನೆ ಬರುವುದು. ಮಸೂರದ ಗಾಜಿನ ಮೇಲೆ ಜೇಡರ ಬಲೆಯಂತೆ ಹಬ್ಬುವ ಈ ಶಿಲೀಂಧ್ರಕ್ಕೆ ಬೇಕಾದದ್ದು ಮೂರೇ: ಕತ್ತಲೆ, ತೇವ, ಅಲುಗದ ಗಾಳಿ. ಮುಚ್ಚಿದ ಕ್ಯಾಮರಾ ಚೀಲ ಈ ಮೂರನ್ನೂ ಧರ್ಮಾರ್ಥವಾಗಿ ಒದಗಿಸುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬಿಸಿ ತೇವದ ನಾಡುಗಳಿಗೆ ಹೋದ ಸೈನ್ಯಗಳ ದುರ್ಬೀನುಗಳು ಬೂಷ್ಟು ಹಿಡಿದು ಕುರುಡಾಗಿ, ಅದನ್ನು ತಡೆಯುವುದು ಹೇಗೆಂದು ವಿಜ್ಞಾನಿಗಳು ತಲೆ ಕೆಡಿಸಿಕೊಳ್ಳಬೇಕಾಯಿತು. ಬೂಷ್ಟು ಹೆಚ್ಚು ಹಬ್ಬಿದರೆ ಅದು ಸ್ರವಿಸುವ ಆಮ್ಲ ಗಾಜಿನ ಲೇಪವನ್ನೇ ತಿನ್ನುತ್ತದೆ. ಆ ಮೇಲೆ ಒರೆಸಿ ಫಲವಿಲ್ಲ. ಚರ್ಮದ ಕವಚವಂತೂ ಬೂಷ್ಟಿಗೆ ತವರುಮನೆ. ನೋಡಲು ಅಷ್ಟು ಗಂಭೀರವಾದ, ವಾಸನೆಯಲ್ಲಿಯೇ ದೊಡ್ಡಸ್ತಿಕೆಯಿರುವ ಚರ್ಮದ ಚೀಲವನ್ನು ಕೊಡಗಿನ ಮಳೆಗಾಲದಲ್ಲಿ ನಾನು ಯಾರಿಗೂ ಶಿಫಾರಸು ಮಾಡಲಾರೆ.

ಆದುದರಿಂದ ಚೀಲ ಇರುವುದು ಹೊತ್ತೊಯ್ಯಲು, ಇಟ್ಟುಕೊಳ್ಳಲು ಅಲ್ಲ. ಮನೆಗೆ ಬಂದ ಕೂಡಲೆ ಕ್ಯಾಮರಾ ಹೊರಗೆ ಬರಬೇಕು. ನಾನು ಇಡುವುದು ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಹರಳುಗಳ ಜೊತೆಗೆ. ಅವು ಒಣಗಿದಾಗ ನೀಲಿ, ನೀರು ಕುಡಿದಾಗ ನಸುಗೆಂಪು. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಆ ಬಾಣಲೆ ಅಡಿಗೆಯದಾಗಿರಬಾರದು, ಆ ನೀಲಿ ಬಣ್ಣ ವಿಷ. ಡಬ್ಬಿಯೊಳಗಿನ ತೇವ ನೂರಕ್ಕೆ ನಲವತ್ತೈದರ ಆಸುಪಾಸು ಇರಲೆಂದು ಚಿಕ್ಕ ಮಾಪಕವೊಂದನ್ನು ಹಾಕಿದ್ದೇನೆ. ಇದೇನೂ ಇಲ್ಲದ ಕಾಲದಲ್ಲಿ ಹುರಿದ ಅಕ್ಕಿಯ ಗಂಟು ಕಟ್ಟಿ ಇಡುತ್ತಿದ್ದರು. ಏನೂ ಇಲ್ಲದಿರುವುದಕ್ಕಿಂತ ಮೇಲು. ಹುಳು ಬೀಳದಂತೆ ಮಾತ್ರ ನೋಡಿಕೊಳ್ಳಬೇಕು. ಖಾಲಿ ಚೀಲ ಅಡಿಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಬಾಯಿ ತೆರೆದು ಮಲಗುತ್ತದೆ, ಒಣಗಲು ಇಟ್ಟ ಕರಿಮೆಣಸಿನ ಪಕ್ಕದಲ್ಲಿ.

ಮೊಬೈಲ್ ದೂರವಾಣಿ ಕಿಸೆಯಲ್ಲಿಯೇ ಇರುವಾಗ ಇನ್ನು ಚೀಲವೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹೊರೆ ಇಳಿಯುತ್ತ ಬಂದ ಕಥೆಯ ಮುಂದಿನ ಅಧ್ಯಾಯ ಅದೇ ಇರಬಹುದು. ನಾನು ಹೇಳುವುದು ಕಂಡ ಒಂದು ಸಂಗತಿಯನ್ನು. ೨೦೧೯ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ಗುಹ್ಯ, ಆಚೆ ದಂಡೆಯ ನೆಲ್ಯಹುದಿಕೇರಿಗಳ ದಡದ ಮನೆಗಳನ್ನು ಕೆಡವಿತು. ಹೆಚ್ಚಾಗಿ ಕೂಲಿ ಮಾಡಿ ಬದುಕುವವರ ಮನೆಗಳು. ಪಾತ್ರೆ, ಪಡಿತರ ಚೀಟಿ, ಮಕ್ಕಳ ಪುಸ್ತಕಗಳ ಜೊತೆಗೆ ಗೋಡೆಯ ಮೇಲಿನ ಪಟಗಳೂ ಹೋದವು. ನೀರು ಇಳಿದ ಕೆಲವು ವಾರಗಳ ಮೇಲೆ ಇಬ್ಬರು ಮೂವರು ನನ್ನನ್ನು ಹುಡುಕಿಕೊಂಡು ಬಂದರು. ಹೊಳೆಯ ಕಡೆ ನಾನು ಚೀಲ ಹಾಕಿಕೊಂಡು ತಿರುಗುತ್ತಿದ್ದದ್ದನ್ನು ಅವರು ವರ್ಷಗಟ್ಟಲೆ ಕಂಡವರು. ನಮ್ಮ ಮನೆ ಎಲ್ಲಾದರೂ ಬಿದ್ದಿದೆಯೆ ಎಂದು ಕೇಳಿದರು. ಹುಡುಕಿದೆವು. ಹೊಳೆಯನ್ನು ತೆಗೆದಿದ್ದ ಚಿತ್ರದ ಮೂಲೆಯಲ್ಲಿ ಒಂದು ಹಂಚಿನ ಮಾಡು. ಮಕ್ಕಳು ಗಾಳ ಹಾಕುತ್ತಿದ್ದ ಚಿತ್ರದ ಹಿಂದೆ ನೀಲಿ ಬಾಗಿಲು, ಬಾಗಿಲ ಬಳಿ ಒಬ್ಬ ಹೆಂಗಸು. ಯಾವ ಉದ್ದೇಶವೂ ಇಲ್ಲದೆ ತೆಗೆದವು. ಆ ಹೆಂಗಸು ವರ್ಷದ ಹಿಂದೆ ತೀರಿಕೊಂಡಿದ್ದರಂತೆ. ಅಚ್ಚು ಹಾಕಿಸಿ ಕೊಟ್ಟೆ. ಅದರ ಹಿಂಬದಿಯಲ್ಲಿ ಹೆಸರು ಬರೆದುಕೊಡಿ ಎಂದು ಅವರ ಮಗ ಕೇಳಿದ. ಇನ್ನೊಂದು ಸಲ ನೀರು ಬಂದರೆ ಪಟ ಸಿಕ್ಕಿದವರಿಗೆ ಯಾರದೆಂದು ತಿಳಿಯಲಿ ಎಂದ. ಬರೆದುಕೊಟ್ಟೆ.

ಈ ಸಲ ಮಳೆ ನಿಂತ ಮೇಲೆ ನೋಡಿದರೆ ಚೀಲದ ಪಟ್ಟಿಯ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಸಂತೆಯ ಅಂಚಿನಲ್ಲಿ ಕೂರುವ ಚಮ್ಮಾರರೊಬ್ಬರ ಹತ್ತಿರ ಕೊಟ್ಟೆ. ಅವರು ಮೊದಲು ಕೇಳಿದ್ದು ಒಳಗೆ ಎಷ್ಟು ಭಾರ ಇಡುತ್ತೀರಿ ಎಂದು. ತುಂಬಿದ ಚೀಲವನ್ನು ಕೈಯಲ್ಲಿ ಎತ್ತಿ ನೋಡಿ, ಮೇಣ ಹಚ್ಚಿದ ದಾರದಿಂದ ಮೂರು ಸಾಲು ಹೊಲಿದು, ತಮ್ಮ ಹೆಗಲಿಗೇ ಹಾಕಿಕೊಂಡು ಒಮ್ಮೆ ಜಗ್ಗಿ, ಇನ್ನೊಂದು ಸಾಲು ಹಾಕಿದರು. ನಲವತ್ತು ರೂಪಾಯಿ ತೆಗೆದುಕೊಂಡರು.